ಬೋನಿಗೆ ಬಿದ್ದದ್ದು ಒಂದು, ಬಂದು ಸೇರಿದ್ದು ಇನ್ನೊಂದು: ತುಮಕೂರು ಸೀಮೆಯ ಚಿರತೆಗಳ ಗಡಿ ಲೆಕ್ಕ

ಗುಬ್ಬಿ, ಕುಣಿಗಲ್, ತುಮಕೂರು ತಾಲ್ಲೂಕುಗಳ ಯಾವ ಊರಲ್ಲೇ ಚಿರತೆ ಕಾಣಿಸಿಕೊಳ್ಳಲಿ, ಮಾರನೆಯ ಬೆಳಿಗ್ಗೆ ಅರಣ್ಯ ಇಲಾಖೆಗೆ ಹೋಗುವ ಬೇಡಿಕೆ ಒಂದೇ: ಬೋನು ಇಡಿಸಿ. ಬೋನು ಬರುತ್ತದೆ. ಒಳಗೆ ನಾಯಿಯನ್ನೋ ಮೇಕೆಯನ್ನೋ ಕಟ್ಟುತ್ತಾರೆ. ವಾರವೋ ಹದಿನೈದು ದಿನವೋ ಕಳೆದ ಮೇಲೆ ಒಂದು ಚಿರತೆ ಬೀಳುತ್ತದೆ. ಜನ ಸೇರುತ್ತಾರೆ, ವಿಡಿಯೊ ಓಡಾಡುತ್ತದೆ, ಬೋನು ಹೊತ್ತ ಗಾಡಿ ಊರು ದಾಟುತ್ತದೆ. ಕೆಲವು ವಾರ ಕಳೆಯುವಷ್ಟರಲ್ಲಿ ಅದೇ ಗುಡ್ಡದ ಬುಡದಲ್ಲಿ ಮತ್ತೆ ಹೆಜ್ಜೆ ಮೂಡಿರುತ್ತದೆ. ‘ಹಿಡಿದದ್ದನ್ನು ಇಲ್ಲೇ ಎಲ್ಲೋ ಬಿಟ್ಟು ಹೋಗಿದ್ದಾರೆ’ ಎಂದು ಊರಿನವರು ಇಲಾಖೆಯನ್ನು ದೂರುತ್ತಾರೆ. ಹಿಡಿದದ್ದನ್ನು ನಿಜಕ್ಕೂ ದೂರ ಸಾಗಿಸಿದ್ದರೂ ಹೀಗಾಗುತ್ತದೆ. ಏಕೆಂದರೆ ಬಂದಿರುವುದು ಬೇರೆ ಚಿರತೆ. ಮೊದಲಿನದು ತನ್ನದೆಂದು ಕಾಯುತ್ತಿದ್ದ ನೆಲ, ಅಂದರೆ ಅದರ ಗಡಿ, ತೆರವಾಯಿತು, ಅದಕ್ಕೇ ಬಂತು.

ಈ ಗಡಿಯ ಲೆಕ್ಕ ಅರ್ಥವಾಗದೆ ಚಿರತೆಯ ಸಮಸ್ಯೆಗೆ ಮಾಡುವ ಯಾವ ಖರ್ಚೂ ಫಲ ಕೊಡುವುದಿಲ್ಲ. ಅದನ್ನು ಹುಲಿಯಿಂದಲೇ ಶುರು ಮಾಡುವುದು ಒಳ್ಳೆಯದು. ದೊಡ್ಡ ಬೆಕ್ಕುಗಳು ನೆಲವನ್ನು ಹೇಗೆ ಹಂಚಿಕೊಳ್ಳುತ್ತವೆ ಎಂಬ ನಮ್ಮ ತಿಳಿವಳಿಕೆ ಬಹುಮಟ್ಟಿಗೆ ಬಂದಿರುವುದು ಹುಲಿಯ ಅಧ್ಯಯನದಿಂದ.

ಗಡಿಯನ್ನು ಅಳೆಯುವುದು ಹೊಟ್ಟೆ

2022ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 563 ಹುಲಿಗಳಿವೆ. ಬಂಡೀಪುರ, ನಾಗರಹೊಳೆ, ಬಿಳಿಗಿರಿರಂಗನ ಬೆಟ್ಟ (ಬಿಆರ್‌ಟಿ), ಭದ್ರಾ, ಕಾಳಿ ಎಂಬ ಐದು ಹುಲಿ ಮೀಸಲು ಪ್ರದೇಶಗಳಿವೆ. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ ಜಿಲ್ಲೆಗಳಲ್ಲಿ ನೆಲೆ ನಿಂತ ಹುಲಿ ಒಂದೂ ಇಲ್ಲ, ನೆಲೆ ನಿಲ್ಲಲು ಸಾಧ್ಯವೂ ಇಲ್ಲ. ಒಂದು ಹುಲಿಗೆ ವರ್ಷಕ್ಕೆ ಜಿಂಕೆ ಗಾತ್ರದ ಸುಮಾರು 50 ಪ್ರಾಣಿಗಳು ಬೇಕು. ಹುಲಿಯೊಂದು ತನ್ನ ನೆಲದಲ್ಲಿರುವ ಬೇಟೆ ಪ್ರಾಣಿಗಳಲ್ಲಿ ವರ್ಷಕ್ಕೆ ಹತ್ತರಲ್ಲಿ ಒಂದು ಭಾಗವನ್ನಷ್ಟೇ ತಿಂದರೆ ಉಳಿದವು ಮರಿ ಹಾಕಿ ಸಂಖ್ಯೆ ಸರಿದೂಗಿಸಿಕೊಳ್ಳುತ್ತವೆ. ಅಂದರೆ ಒಂದೊಂದು ಹುಲಿಯ ಬೆನ್ನಿಗೂ ಸುಮಾರು 500 ಜಿಂಕೆ, ಕಡವೆ, ಕಾಟಿ, ಹಂದಿಗಳ ಹಿಂಡು ಸದಾ ಇರಬೇಕು.

ನಾಗರಹೊಳೆಯಂತಹ ಹುಲುಸಾದ ಕಾಡಿನಲ್ಲಿ ಈ 500 ಪ್ರಾಣಿಗಳು 20 ಚದರ ಕಿಲೋಮೀಟರಿನೊಳಗೇ ಸಿಗುತ್ತವೆ. ಆದ್ದರಿಂದ ಅಲ್ಲಿ ಹೆಣ್ಣು ಹುಲಿಯ ಗಡಿಯೂ ಹೆಚ್ಚುಕಮ್ಮಿ ಅಷ್ಟೇ. ರಷ್ಯಾದ ಪೂರ್ವ ಅಂಚಿನ ಹಿಮದ ಕಾಡುಗಳಲ್ಲಿ ಬೇಟೆ ವಿರಳ. ಅಲ್ಲಿನ ಹೆಣ್ಣು ಹುಲಿ ಸುಮಾರು 400 ಚದರ ಕಿಲೋಮೀಟರು ಸುತ್ತಬೇಕು, ಗಂಡು ಸಾವಿರಕ್ಕೂ ಮೀರಿ. ಪ್ರಾಣಿ ಒಂದೇ, ಹಸಿವೂ ಒಂದೇ. ನೆಲದಲ್ಲಿರುವ ಊಟಕ್ಕೆ ತಕ್ಕಂತೆ ಗಡಿ ಹಿಗ್ಗುತ್ತದೆ, ಕುಗ್ಗುತ್ತದೆ.

ಈ ಲೆಕ್ಕವನ್ನು ದೇವರಾಯನದುರ್ಗಕ್ಕೆ ಹಾಕಿ ನೋಡಿ. ಮೀಸಲು ಅರಣ್ಯದ ವಿಸ್ತೀರ್ಣ ಸುಮಾರು 42 ಚದರ ಕಿಲೋಮೀಟರು. ನಾಗರಹೊಳೆಯಷ್ಟು ಬೇಟೆ ಇದ್ದಿದ್ದರೂ ಎರಡು ಹೆಣ್ಣು ಹುಲಿಗೆ ಸಾಲುವಷ್ಟು ಜಾಗ ಅದು. ಅಷ್ಟು ಜಿಂಕೆ, ಕಡವೆ ಅಲ್ಲಿಲ್ಲ. ತಾಯಿಯನ್ನು ಬಿಟ್ಟು ನೆಲ ಹುಡುಕುತ್ತಾ ಹೊರಟ ಎಳೆ ಗಂಡು ಹುಲಿಗಳು ನೂರಾರು ಕಿಲೋಮೀಟರು ನಡೆಯುವುದುಂಟು. ಅಂಥದ್ದೊಂದು ಈ ಕಡೆ ಹಾದು ಹೋದರೂ ನೆಲೆ ನಿಲ್ಲುವುದಿಲ್ಲ.

ಚಿರತೆಗೆ ಈ ಕಟ್ಟುಪಾಡು ಇಲ್ಲ. ಮೊಲ, ನವಿಲು, ಹಂದಿಮರಿ, ಕುರಿ, ಮೇಕೆ, ಕರು, ನಾಯಿ ಯಾವುದಾದರೂ ಸರಿ. ದಿನಕ್ಕೆ ಸರಾಸರಿ ಮೂರ್ನಾಲ್ಕು ಕಿಲೊ ಮಾಂಸ ಸಿಕ್ಕರೆ ಸಾಕು. ಮಹಾರಾಷ್ಟ್ರದ ಅಕೋಲೆ ಕಣಿವೆಯಲ್ಲಿ ವನ್ಯಜೀವಿ ವಿಜ್ಞಾನಿ ವಿದ್ಯಾ ಆತ್ರೇಯ ಮತ್ತು ಸಂಗಡಿಗರು ನಡೆಸಿದ ಅಧ್ಯಯನ ಈ ವಿಷಯದಲ್ಲಿ ಕಣ್ಣು ತೆರೆಸುವಂಥದ್ದು. ಅಲ್ಲಿ ಕಾಡು ಎನ್ನುವಂಥದ್ದೇ ಇಲ್ಲ, ಬರೀ ಕಬ್ಬು ಮತ್ತು ಊರುಗಳು. ಆದರೂ 100 ಚದರ ಕಿಲೋಮೀಟರಿಗೆ ಸುಮಾರು ಐದು ದೊಡ್ಡ ಚಿರತೆಗಳಿದ್ದವು. ಅವುಗಳ ಹಿಕ್ಕೆ ಪರೀಕ್ಷಿಸಿದಾಗ ತಿಂದ ಆಹಾರದಲ್ಲಿ ತೂಕದ ಲೆಕ್ಕಕ್ಕೆ ಶೇ 87ರಷ್ಟು ಊರ ಪ್ರಾಣಿಗಳು, ನಾಯಿಯ ಪಾಲೇ ಶೇ 39.

ಕರ್ನಾಟಕದಲ್ಲೂ ಚಿತ್ರ ಬೇರೆಯಲ್ಲ. ಪತ್ರಿಕಾ ವರದಿಗಳನ್ನು ಆಧರಿಸಿ 2015ರಲ್ಲಿ ಪ್ರಕಟವಾದ ಅಧ್ಯಯನವೊಂದು ರಾಜ್ಯದಲ್ಲಿ ರಾಷ್ಟ್ರೀಯ ಉದ್ಯಾನ, ವನ್ಯಧಾಮಗಳ ಹೊರಗೇ ಸುಮಾರು 84,000 ಚದರ ಕಿಲೋಮೀಟರು ನೆಲದಲ್ಲಿ ಚಿರತೆ ಓಡಾಡುತ್ತದೆ ಎಂದು ಅಂದಾಜಿಸಿತು. 2022ರ ಗಣತಿ ರಾಜ್ಯಕ್ಕೆ ಕೊಟ್ಟ ಸಂಖ್ಯೆ 1,879. ಆದರೆ ಅದು ಮುಖ್ಯವಾಗಿ ಹುಲಿ ಇರುವ ಕಾಡುಗಳನ್ನು ಎಣಿಸಿ ಬಂದ ಲೆಕ್ಕ. ನಮ್ಮ ಗುಡ್ಡ, ಗೋಮಾಳ, ತೋಟಗಳ ಚಿರತೆಗಳನ್ನು ಪೂರ್ತಿ ಹಿಡಿದಿಟ್ಟ ಲೆಕ್ಕ ಅದಲ್ಲ. ಹಾಗಾಗಿ ಆ ಸಂಖ್ಯೆಯನ್ನು ಮುಂದಿಟ್ಟು ‘ಜಾಸ್ತಿಯಾಗಿವೆ’ ಎಂದೋ ‘ಕಮ್ಮಿಯಾಗಿವೆ’ ಎಂದೋ ವಾದಿಸುವುದರಲ್ಲಿ ಅರ್ಥವಿಲ್ಲ.

ಗುಡ್ಡ ಹಗಲಿಗೆ, ತೋಟ ರಾತ್ರಿಗೆ

ತುಮಕೂರು ಜಿಲ್ಲೆಯ ನಕ್ಷೆಯನ್ನು ಚಿರತೆಯ ಕಣ್ಣಿಂದ ನೋಡಬೇಕು. ದಕ್ಷಿಣದಲ್ಲಿ ಹುಲಿಯೂರುದುರ್ಗ, ಹುತ್ರಿದುರ್ಗ, ನಡುವೆ ದೇವರಾಯನದುರ್ಗ, ಅಲ್ಲಿಂದ ಉತ್ತರಕ್ಕೆ ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿ, ಮಿಡಿಗೇಶಿ, ಕೊನೆಗೆ ಪಾವಗಡದ ನಿಡುಗಲ್ಲು. ಇವೆಲ್ಲ ಬಂಡೆ ಬಂಡೆ ಕೂಡಿದ ಗುಡ್ಡಗಳು. ಬಂಡೆಗಳ ನಡುವಿನ ಗವಿ, ಪೊಟರೆಗಳಲ್ಲಿ ಚಿರತೆ ಹಗಲು ಕಳೆಯುತ್ತದೆ, ಮರಿ ಹಾಕುತ್ತದೆ. ಒಂದು ಗುಡ್ಡದಿಂದ ಇನ್ನೊಂದಕ್ಕೆ ನಡುವೆ ಇರುವುದು ರಾಗಿ ಹೊಲ, ಅಡಿಕೆ–ತೆಂಗಿನ ತೋಟ, ನೀಲಗಿರಿ ತೋಪು, ಜಾಲಿ ತುಂಬಿದ ಕೆರೆಯಂಗಳ. ಇವು ಅದರ ರಾತ್ರಿಯ ದಾರಿ. ಹೇಮಾವತಿ ನೀರು ಬಂದ ಮೇಲೆ ಗುಬ್ಬಿ, ಕುಣಿಗಲ್ ಭಾಗದಲ್ಲಿ ನಾಲೆಗಳ ಅಂಚಿನಲ್ಲಿ ವರ್ಷವಿಡೀ ಹಸಿರು ಪೊದೆ ಇರುತ್ತದೆ. ಹಗಲಲ್ಲೂ ಮಲಗಲು ಅಷ್ಟು ಮರೆ ಸಾಕು.

ಚಿರತೆ ಕಾಡಿನಿಂದ ದಾರಿ ತಪ್ಪಿ ಊರಿಗೆ ಬಂತು ಎಂದು ಸುದ್ದಿಗಳಲ್ಲಿ ಬರುತ್ತದಲ್ಲ, ಅದು ಬಹಳ ಸಲ ತಪ್ಪು. ಆ ಊರೂ ಅದರ ಗಡಿಯೊಳಗೇ ಇರುತ್ತದೆ. ಮಹಾರಾಷ್ಟ್ರದಲ್ಲಿ ಎಲ್ಲಿದೆ ಎಂದು ತಿಳಿಸುವ ಕೊರಳಪಟ್ಟಿ ತೊಡಿಸಿ ಹಿಂಬಾಲಿಸಿದ ಚಿರತೆಗಳು ರಾತ್ರಿ ಹೊತ್ತು ಮನೆಗಳಿಂದ 25 ಮೀಟರಿಗೂ ಹತ್ತಿರ ಸುಳಿದಾಡಿ, ಬೆಳಗಾಗುವ ಮೊದಲು ದೂರ ಸರಿದಿದ್ದವು. ಮಲಗಿದ್ದವರಿಗೆ ಸುಳಿವೇ ಇರಲಿಲ್ಲ.

ಗಡಿಯನ್ನು ಚಿರತೆ ಕಾಯುವ ರೀತಿಯನ್ನು ಗುಡ್ಡದ ಕಾಲುದಾರಿಯಲ್ಲಿ ಯಾರು ಬೇಕಾದರೂ ಗುರುತಿಸಬಹುದು. ಹಿಂಗಾಲಿನಿಂದ ನೆಲ ಕೆರೆದ ಒಂದಡಿಯಷ್ಟು ಉದ್ದದ ಗುರುತು, ಅದರ ತುದಿಯಲ್ಲಿ ಗುಡ್ಡೆಯಾದ ಮಣ್ಣು–ಎಲೆ, ಕೆಲವು ಸಲ ಅದರ ಮೇಲೆ ಹಿಕ್ಕೆ. ಗಾಡಿದಾರಿ ಕವಲೊಡೆಯುವ ಕಡೆ, ಕಣಿವೆ ದಾಟುವ ಕಡೆ ಇವು ಹೆಚ್ಚು. ವಾಲಿದ ಮರದ ಬೊಡ್ಡೆಗೆ, ಮಳೆ ತಾಗದ ಬಂಡೆಯ ಅಡಿಗೆ ಉಚ್ಚೆ ಚಿಮ್ಮಿಸುತ್ತದೆ. ಆ ವಾಸನೆ ವಾರಗಟ್ಟಲೆ ಉಳಿಯುತ್ತದೆ. ರಾತ್ರಿ ಗರಗಸದಿಂದ ಮರ ಕೊಯ್ದಂತೆ ಕೇಳುವ ಕೂಗು ಅಕ್ಕಪಕ್ಕದ ಚಿರತೆಗಳಿಗೆ ಕೊಡುವ ಎಚ್ಚರಿಕೆ. ಗುರುತು ಹೊಸದಾಗಿದ್ದರೆ ಬೇರೆ ಗಂಡು ದೂರ ಉಳಿಯುತ್ತದೆ. ಮೈಮೇಲೆ ಬಿದ್ದು ಕಾದಾಡುವುದು ಕೊನೆಯ ಮಾತು, ಏಕೆಂದರೆ ಗಾಯಗೊಂಡ ಬೇಟೆಗಾರನಿಗೆ ಊಟವಿಲ್ಲ.

ಒಂದು ಗಂಡಿನ ಗಡಿ ಎರಡು ಮೂರು ಹೆಣ್ಣುಗಳ ಗಡಿಯನ್ನು ಒಳಗೊಂಡಿರುತ್ತದೆ. ಹೆಣ್ಣು ಸುಮಾರು ಮೂರು ತಿಂಗಳು ಗಬ್ಬವಿದ್ದು ಸಾಮಾನ್ಯವಾಗಿ ಎರಡು–ಮೂರು ಮರಿ ಹಾಕುತ್ತದೆ. ಮರಿಗಳು ಒಂದೂವರೆಯಿಂದ ಎರಡು ವರ್ಷ ತಾಯಿಯ ಜತೆಗಿದ್ದು ಆಮೇಲೆ ಹೊರಬೀಳುತ್ತವೆ. ಹೆಣ್ಣುಮರಿಗೆ ತಾಯಿಯ ನೆಲದ ಪಕ್ಕದಲ್ಲೇ ಜಾಗ ಸಿಗುವುದುಂಟು. ಗಂಡುಮರಿಗೆ ಅಪ್ಪನ ಗಡಿಯಲ್ಲಿ ಉಳಿಗಾಲವಿಲ್ಲ. ಹೀಗೆ ಹೊರಬಿದ್ದ ಎಳೆಯ ಚಿರತೆಗಳು ಯಾವ ಗಡಿಯೂ ಇಲ್ಲದೆ, ದೊಡ್ಡ ಗಂಡುಗಳ ಕಣ್ಣು ತಪ್ಪಿಸಿಕೊಂಡು, ಅಂಚಿನ ಜಾಗಗಳಲ್ಲಿ ದಿನ ದೂಡುತ್ತಾ ಇರುತ್ತವೆ. ಇವು ಸದಾ ಹಸಿದಿರುತ್ತವೆ, ಅನುಭವ ಕಡಿಮೆ.

ಬೋನು ಏನನ್ನು ಹಿಡಿಯುತ್ತದೆ

ಬೋನಿಗೆ ತಪ್ಪಿತಸ್ಥ ಯಾರೆಂದು ಗೊತ್ತಿಲ್ಲ. ಆ ದಾರಿಯಲ್ಲಿ ಬಂದು, ಒಳಗಿನ ಮೇಕೆಯನ್ನು ಕಂಡು, ಹಲಗೆ ಮೆಟ್ಟಿದ ಮೊದಲ ಚಿರತೆಯ ಮೇಲೆ ಬಾಗಿಲು ಬೀಳುತ್ತದೆ. ಅದು ಕರು ಕೊಂದದ್ದೇ ಇರಬಹುದು. ಎಷ್ಟೋ ವರ್ಷದಿಂದ ಊರ ಪಕ್ಕದಲ್ಲೇ ಇದ್ದು ಯಾರ ಕಣ್ಣಿಗೂ ಬೀಳದ ಹಿರಿಯ ಗಂಡೂ ಇರಬಹುದು, ಮರಿಗಳನ್ನು ಗವಿಯಲ್ಲಿ ಬಿಟ್ಟು ಬಂದ ತಾಯಿಯೂ ಇರಬಹುದು.

ಹಿರಿಯ ಗಂಡು ಬಿದ್ದಿತು ಎಂದುಕೊಳ್ಳಿ. ಕೆರೆದ ಗುರುತುಗಳು ಹಳೆಯದಾಗುತ್ತವೆ, ವಾಸನೆ ಆರುತ್ತದೆ, ಕೂಗು ನಿಲ್ಲುತ್ತದೆ. ಅಂಚಿನಲ್ಲಿ ಕಾಯುತ್ತಿದ್ದ ಎಳೆ ಗಂಡುಗಳು ಒಳಗೆ ನುಗ್ಗುತ್ತವೆ. ಒಂದು ಗೆಲ್ಲುವ ತನಕ ಎರಡೋ ಮೂರೋ ಅದೇ ನೆಲದಲ್ಲಿ ಸುಳಿದಾಡುತ್ತವೆ. ಗೆದ್ದ ಗಂಡು ಹಳೆಯ ಗಂಡಿಗೆ ಹುಟ್ಟಿದ ಮರಿಗಳನ್ನು ಕೊಲ್ಲುತ್ತದೆ. ಮರಿ ಕಳೆದುಕೊಂಡ ಹೆಣ್ಣು ಬೇಗ ಬೆದೆಗೆ ಬಂದು ಹೊಸ ಗಂಡಿಗೆ ಮರಿ ಹಾಕುತ್ತದೆ. ಊರಿನವರಿಗೆ ಇದೆಲ್ಲ ಕಾಣುವುದು ಒಂದೇ ರೂಪದಲ್ಲಿ: ಮೊದಲು ಒಂದು ಕಾಣುತ್ತಿತ್ತು, ಈಗ ನಾಲ್ಕು ಕಾಣುತ್ತಿವೆ. ಯಾವ ಮನೆಯಲ್ಲಿ ಎಷ್ಟು ಹೊತ್ತಿಗೆ ದೀಪ ಆರುತ್ತದೆ, ಯಾವ ದಾರಿಯಲ್ಲಿ ಜನ ಓಡಾಡುತ್ತಾರೆ ಎಂಬುದು ಹಳೆಯದಕ್ಕೆ ಗೊತ್ತಿತ್ತು. ಹೊಸದಕ್ಕೆ ಗೊತ್ತಿಲ್ಲ. ಮುಖಾಮುಖಿ ಹೆಚ್ಚುವುದು ಹೀಗೆ.

ಇದು ಬರೀ ತರ್ಕವಲ್ಲ. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ 2001ರಿಂದ 2003ರವರೆಗೆ ನೂರಕ್ಕೂ ಹೆಚ್ಚು ಚಿರತೆಗಳನ್ನು ಹಿಡಿದು, ಹೆಚ್ಚಿನವನ್ನು ದೂರದ ಕಾಡುಗಳಲ್ಲಿ ಬಿಡಲಾಯಿತು. ಅದಕ್ಕೆ ಮೊದಲು ಅಲ್ಲಿ ಮನುಷ್ಯರ ಮೇಲೆ ವರ್ಷಕ್ಕೆ ಸರಾಸರಿ ನಾಲ್ಕು ದಾಳಿ ನಡೆಯುತ್ತಿತ್ತು. ಸ್ಥಳಾಂತರ ಶುರುವಾದ ಮೇಲೆ ಅದು 17ಕ್ಕೆ ಏರಿತು. ಬಿಟ್ಟ ಕಾಡುಗಳ ಅಂಚಿನ ಊರುಗಳಲ್ಲೂ ದಾಳಿ ಶುರುವಾಯಿತು. ಬಿಟ್ಟ ಚಿರತೆ ಬಿಟ್ಟಲ್ಲೇ ಇರುವುದಿಲ್ಲ. 2009ರಲ್ಲಿ ಮಾಳ್ಶೇಜ್ ಘಾಟಿನಲ್ಲಿ ಕೊರಳಪಟ್ಟಿ ಹಾಕಿ ಬಿಟ್ಟ ಗಂಡೊಂದು ಹೊಲ, ಹೆದ್ದಾರಿ, ರೈಲು ಹಳಿಗಳನ್ನು ದಾಟಿ ಸುಮಾರು 120 ಕಿಲೋಮೀಟರು ನಡೆದು ಮುಂಬೈಯ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನ ಸೇರಿತು. ನಮ್ಮಲ್ಲಿ ಹಿಡಿದ ಚಿರತೆಯನ್ನು ‘ದೊಡ್ಡ ಕಾಡಿಗೆ’ ಬಿಡಿ ಎನ್ನುತ್ತೇವೆ. ಆ ದೊಡ್ಡ ಕಾಡಿನಲ್ಲಿ ಇಂಚಿಂಚಿಗೂ ಗಡಿ ಇರುವ ಚಿರತೆಗಳಿವೆ, ಮೇಲೆ ಹುಲಿಗಳಿವೆ. ಹೊಸದಾಗಿ ಬಂದದ್ದನ್ನು ಅವು ಒದ್ದೋಡಿಸುತ್ತವೆ. ಅದು ಅಂಚಿನ ಊರಿಗೆ ಬಂದು ಬೀಳುತ್ತದೆ. ತುಮಕೂರಿನ ತೊಂದರೆಯನ್ನು ಎಚ್.ಡಿ. ಕೋಟೆಗೋ ಗುಂಡ್ಲುಪೇಟೆಗೋ ದಾಟಿಸಿದ ಹಾಗಷ್ಟೇ ಆಗುತ್ತದೆ.

ಬೋನು ಚಿರತೆಯ ಮೈಗೂ ಕೇಡು. ಒಳಗೆ ಸಿಕ್ಕಿದ ಕೂಡಲೇ ಅದು ಸರಳುಗಳನ್ನು ಕಚ್ಚುತ್ತದೆ, ಹಣೆ ಜಜ್ಜಿಕೊಳ್ಳುತ್ತದೆ. ಜನ ಸುತ್ತುವರಿದು ಕೂಗಿದಷ್ಟೂ ಇದು ಹೆಚ್ಚು. ಕೋರೆಹಲ್ಲು ಮುರಿದ ಚಿರತೆಗೆ ಹಂದಿ, ಜಿಂಕೆ ಹಿಡಿಯುವುದು ಕಷ್ಟ, ಸುಲಭದ ಬೇಟೆಯನ್ನೇ ಹುಡುಕಬೇಕಾಗುತ್ತದೆ. ಬಾಗಿಲು ಬಿದ್ದ ಕೂಡಲೇ ಬೋನಿನ ಮೇಲೆ ಒದ್ದೆ ಗೋಣಿತಾಟು ಮುಚ್ಚಿ, ನೂರು ಮೀಟರು ಸುತ್ತ ಜನರನ್ನು ದೂರ ಇಟ್ಟರೆ ಅರ್ಧ ಗಾಯ ತಪ್ಪುತ್ತದೆ.

ಹಾಗಾದರೆ ಹಿಡಿಯಲೇಬಾರದೇ? ಮನುಷ್ಯರನ್ನು ಕೊಂದಾಗ ಹಿಡಿಯಲೇಬೇಕು. ಅದನ್ನು ಮತ್ತೆ ಎಲ್ಲಿಯೂ ಬಿಡಬಾರದು. 2019ರ ಕೊನೆಯಿಂದ 2020ರ ಮೊದಲ ತಿಂಗಳುಗಳವರೆಗೆ ಹೆಬ್ಬೂರು ಸುತ್ತಿನ ತುಮಕೂರು, ಗುಬ್ಬಿ, ಕುಣಿಗಲ್ ತಾಲ್ಲೂಕುಗಳ ಊರುಗಳಲ್ಲಿ ಚಿರತೆ ದಾಳಿಗೆ ಮಕ್ಕಳೂ ವಯಸ್ಸಾದವರೂ ಬಲಿಯಾದರು. ಮಗುವನ್ನು ಕಳೆದುಕೊಂಡ ಮನೆಯ ಮುಂದೆ ನಿಂತು ಪರಿಸರದ ಪಾಠ ಹೇಳುವುದು ಅಮಾನವೀಯ. ಆದರೆ ಅಂಥ ಹೊತ್ತಿನಲ್ಲೇ ಯಾವ ಚಿರತೆ ಎಂಬ ಪ್ರಶ್ನೆಗೆ ಸರಿಯಾದ ಉತ್ತರ ಅತಿ ಮುಖ್ಯ. ಸಿಕ್ಕಿದ್ದನ್ನೆಲ್ಲ ಹಿಡಿಯುತ್ತಾ ಹೋದರೆ ಕೊಂದದ್ದು ಹೊರಗೇ ಉಳಿದಿರಬಹುದು, ಊರು ಮಾತ್ರ ಅಪಾಯ ಕಳೆಯಿತೆಂದು ಮೈಮರೆಯುತ್ತದೆ.

ಗುರುತಿಸುವ ಕ್ರಮ ಇದೆ. ದಾಳಿ ನಡೆದ ಜಾಗದ ಸುತ್ತಲಿನ ಕಾಲುದಾರಿ, ನಾಲೆಯ ಏರಿ, ಬಂಡೆಯ ಸಂದುಗಳಲ್ಲಿ ಕ್ಯಾಮೆರಾಗಳನ್ನು ಜೋಡಿಯಾಗಿ, ಎದುರುಬದುರಾಗಿ, ನೆಲದಿಂದ ಸುಮಾರು ಒಂದೂವರೆ ಅಡಿ ಎತ್ತರಕ್ಕೆ ಕಟ್ಟಬೇಕು. ಜೋಡಿ ಏಕೆಂದರೆ ಚಿರತೆಯ ಎಡಮೈಯ ಚುಕ್ಕಿಗಳೇ ಬೇರೆ, ಬಲಮೈಯವೇ ಬೇರೆ. ಎರಡೂ ಮೈ ಒಟ್ಟಿಗೆ ಸಿಕ್ಕರೆ ಮಾತ್ರ ಪ್ರಾಣಿಯನ್ನು ಖಚಿತವಾಗಿ ಗುರುತಿಸಬಹುದು. ಹುಲಿಯ ಪಟ್ಟೆಗಳಿಗೂ ಇದೇ ಮಾತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಬಳಕೆಗೆ ತಂದ ವಿಧಾನ ಇದೇ. ಮೃತರ ಗಾಯದ ಮೇಲಿನ ಜೊಲ್ಲಿನ ಮಾದರಿಯನ್ನು ತೊಳೆಯುವ ಮೊದಲೇ ತೆಗೆದಿಟ್ಟರೆ ಡಿಎನ್‌ಎಯಿಂದ ಹೆಣ್ಣೋ ಗಂಡೋ, ಯಾವ ಪ್ರಾಣಿ ಎಂದು ಹೊಂದಿಸಿ ನೋಡಬಹುದು. ಬೋನಿಗೆ ಬಿದ್ದದ್ದರ ಚುಕ್ಕಿಗಳನ್ನು ಕ್ಯಾಮೆರಾದ ಚಿತ್ರಗಳಿಗೆ ಹೋಲಿಸಿದ ಮೇಲೆಯೇ ಮುಂದಿನ ತೀರ್ಮಾನ. ಚಿರತೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ, ಅಂದರೆ ಅತಿ ಹೆಚ್ಚಿನ ರಕ್ಷಣೆ ಇರುವ ಪ್ರಾಣಿ. ಅದನ್ನು ಹಿಡಿಯಲು ಕಲಂ 11ರ ಅಡಿ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಬರೀ ಕಂಡಿತು ಎನ್ನುವ ಕಾರಣಕ್ಕೆ ಹಿಡಿಯಲು ಆ ಕಲಂ ಇರುವುದಲ್ಲ.

ಬಾವಿಗೆ ಬಿದ್ದ ಚಿರತೆಯದು ಬೇರೆ ವಿಷಯ. ಕೋಲಾರ, ಚಿಕ್ಕಬಳ್ಳಾಪುರ ಕಡೆ ಕಟ್ಟೆಯಿಲ್ಲದ ಹಳೆಯ ತೆರೆದ ಬಾವಿಗಳು ಬೇಕಾದಷ್ಟಿವೆ. ನೀರಿರುವ ಬಾವಿಯಲ್ಲಿ ಅರಿವಳಿಕೆ ಹೊಡೆಯಬಾರದು, ಪ್ರಾಣಿ ಮುಳುಗಿ ಸಾಯುತ್ತದೆ. ಮೊದಲು ಹಗ್ಗ ಕಟ್ಟಿದ ಮಂಚವನ್ನೋ ಟೈರನ್ನೋ ಇಳಿಸಿ ಅದು ಸುಧಾರಿಸಿಕೊಳ್ಳಲು ಬಿಟ್ಟು, ಆಮೇಲೆ ಬೋನು ಇಳಿಸಬೇಕು. ಆಳ ಕಡಿಮೆ ಇದ್ದರೆ ಉದ್ದನೆಯ ಏಣಿಯನ್ನೋ ಮರದ ಕೊಂಬೆಯನ್ನೋ ಓರೆಯಾಗಿ ಇಳಿಸಿ ಜನ ದೂರ ಹೋದರೆ ಸಾಕು, ಕತ್ತಲಾದ ಮೇಲೆ ತಾನಾಗಿ ಹತ್ತಿ ಹೋಗುತ್ತದೆ. ನೆಲದ ಮೇಲೆ ಅರಿವಳಿಕೆ ಹೊಡೆದರೂ ಅದು ಹಿಡಿಯಲು 10–15 ನಿಮಿಷ ಬೇಕು. ಗಾಯಾಳುಗಳ ಸಂಖ್ಯೆ ಏರುವುದು ಆ ಹೊತ್ತಿನಲ್ಲೇ, ಚಿರತೆ ಬಿದ್ದುಹೋಯಿತು ಎಂದುಕೊಂಡು ಜನ ಮುನ್ನುಗ್ಗುವುದರಿಂದ.

ರಾಗಿ ಹೊಲದಲ್ಲೋ ತೋಟದಲ್ಲೋ ಮರಿ ಸಿಕ್ಕರೆ ಎತ್ತಿಕೊಂಡು ಬರಬಾರದು. ತಾಯಿ ಬೇಟೆಗೆ ಹೋಗಿರುತ್ತದೆ. ಅಕಸ್ಮಾತ್ ಎತ್ತಿದ್ದರೆ ಅದೇ ದಿನ ಸಂಜೆ, ಸಿಕ್ಕಿದ ಜಾಗದಲ್ಲೇ, ತಾಯಿ ಬಾಯಿ ಹಾಕಿ ಎತ್ತಲು ಆಗುವಂಥ ತೆರೆದ ಪೆಟ್ಟಿಗೆಯಲ್ಲಿ ಇಟ್ಟು ದೂರ ಸರಿಯಬೇಕು. ಮಹಾರಾಷ್ಟ್ರದ ಕಬ್ಬಿನ ಸೀಮೆಯಲ್ಲಿ ಹೀಗೆ ಎಷ್ಟೋ ಮರಿಗಳು ತಾಯಿಯನ್ನು ಸೇರಿವೆ. ಮರಿ ಕಳೆದುಕೊಂಡ ತಾಯಿ ಆ ಹೊಲದ ಸುತ್ತಲೇ ದಿನಗಟ್ಟಲೆ ಅಲೆಯುತ್ತದೆ. ಆಗ ಅಲ್ಲಿಗೆ ಹೋಗುವವರಿಗೆ ಅಪಾಯ.

ಕೊಟ್ಟಿಗೆಯ ಸಂದು

ಚಿರತೆ ಇರುವ ನೆಲದಲ್ಲಿ ನಷ್ಟ ತಪ್ಪಿಸುವ ಕೆಲಸ ನಡೆಯಬೇಕಾದದ್ದು ಕೊಟ್ಟಿಗೆಯಲ್ಲಿ. ಒಂದೇ ರಾತ್ರಿ ಹದಿನೈದು ಇಪ್ಪತ್ತು ಕುರಿ ಸತ್ತ ಪ್ರಕರಣಗಳನ್ನು ಗಮನಿಸಿದರೆ ಅವೆಲ್ಲ ಬಹುಪಾಲು ಒಂದೇ ಬಗೆಯ ಜಾಗದಲ್ಲಿ ಆದವು: ಸುತ್ತ ಗೋಡೆ ಅಥವಾ ಮುಳ್ಳುಬೇಲಿ, ಮೇಲೆ ತೆರೆದ ಬಾನು. ಆರಡಿ ಗೋಡೆ ಹಾರುವುದು ಚಿರತೆಗೆ ಲೆಕ್ಕವೇ ಅಲ್ಲ. ಒಳಗಿಳಿದ ಮೇಲೆ ಕುರಿಗಳು ದಿಕ್ಕೆಟ್ಟು ಸುತ್ತುತ್ತವೆ, ಓಡಿಹೋಗಲು ಜಾಗವಿಲ್ಲ. ಎದುರಿಗೆ ಓಡುವ ಪ್ರಾಣಿ ಇರುವ ತನಕ ಚಿರತೆಯ ಬೇಟೆಯ ತುಡಿತ ಆರುವುದಿಲ್ಲ. ತಿನ್ನುವುದು ಒಂದು, ಕೊಲ್ಲುವುದು ಇಪ್ಪತ್ತು. ಅದಕ್ಕೆ ಚಾವಣಿ ಇಲ್ಲದ ರೊಪ್ಪ ರೊಪ್ಪವೇ ಅಲ್ಲ.

ಇಪ್ಪತ್ತು ಕುರಿಗೆ ತಲಾ ಹತ್ತು ಚದರಡಿ ಹಿಡಿದರೆ 20 ಅಡಿ ಉದ್ದ, 10 ಅಡಿ ಅಗಲದ ಜಾಗ ಬೇಕು. ಸುತ್ತಳತೆ 60 ಅಡಿ. ನೆಲದ ಮೇಲೆ ಏಳಡಿ, ನೆಲದೊಳಗೆ ಒಂದಡಿ ಜಾಲರಿ ಇಳಿಸಿದರೆ ಸುತ್ತಲಿಗೆ 480 ಚದರಡಿ, ಚಾವಣಿಗೆ 200. ಮಡಿಕೆ, ಜೋಡಣೆ ಸೇರಿ 750 ಚದರಡಿ ಚೈನ್‌ಲಿಂಕ್ ಜಾಲರಿ ತಂದರೆ ಸಾಕು. ಕಣ್ಣು ಎರಡಿಂಚು ಮೀರಬಾರದು, ತಂತಿ 10 ಗೇಜಿಗಿಂತ ತೆಳುವಾಗಬಾರದು. ಕೋಳಿಗೂಡಿಗೆ ಹಾಕುವ ತೆಳು ಬಲೆಯನ್ನು ಚಿರತೆ ಉಗುರಿನಿಂದಲೇ ಹರಿಯುತ್ತದೆ. ಕಬ್ಬಿಣದ ಆ್ಯಂಗಲ್ ಕಂಬಗಳು ಏಳೆಂಟು ಅಡಿಗೊಂದು. ಮೂರಡಿ ಎತ್ತರಕ್ಕೆ ಸೈಜುಗಲ್ಲಿನ ಗೋಡೆ ಕಟ್ಟಿಕೊಂಡರೆ ಜಾಲರಿಯ ಖರ್ಚು ಇಳಿಯುತ್ತದೆ, ಒಳಗಿನ ಕುರಿ ಹೊರಗಿನದರ ಕಣ್ಣಿಗೆ ಬೀಳುವುದೂ ಕಡಿಮೆ.

ಜಾಲರಿ ಗಟ್ಟಿ ಇದ್ದೂ ಕೈಕೊಡುವುದು ಬಾಗಿಲು. ಕೆಳಗೆ ಅಂಗೈ ಅಗಲದ ಸಂದು ಇದ್ದರೆ ಮೊದಲು ಪಂಜ ಹಾಕುತ್ತದೆ, ಮಣ್ಣು ಸಡಿಲವಿದ್ದರೆ ಕೆರೆದು ತಲೆ ತೂರಿಸುತ್ತದೆ. ತಲೆ ಹಿಡಿಸಿದ ಕಡೆ ಮೈ ಹಿಡಿಸುತ್ತದೆ. ಹೊಸ್ತಿಲಿಗೆ ಒಂದು ಚಪ್ಪಡಿ ಹಾಸಿ, ತಗಡಿನ ಬಾಗಿಲಿಗೆ ಮೇಲೊಂದು ಕೆಳಗೊಂದು ಚಿಲಕ ಹಾಕಬೇಕು. ಕೋಲಾರ, ಚಿಂತಾಮಣಿ ಕಡೆ ಕಲ್ಲುಚಪ್ಪಡಿ ನಿಲ್ಲಿಸಿ ಮೇಲೆ ಶೀಟು ಹೊದಿಸುವ ಕೊಟ್ಟಿಗೆಗಳಲ್ಲಿ ಚಪ್ಪಡಿಗೂ ಶೀಟಿಗೂ ನಡುವೆ ಗಾಳಿಗೆಂದು ಒಂದಡಿ ಬಿಟ್ಟಿರುತ್ತಾರೆ. ಚಿರತೆಗೆ ಅದೇ ಬಾಗಿಲು. ಗಾಳಿ ಬೇಕು ನಿಜ, ಆ ಸಂದಿಗೆ ಜಾಲರಿ ಬಡಿದರೆ ಎರಡೂ ಆಯಿತು.

ಹೊಲದಲ್ಲಿ ಗೊಬ್ಬರಕ್ಕೆಂದು ಮಂದೆ ನಿಲ್ಲಿಸುವ ಶಿರಾ, ಪಾವಗಡದ ಕುರಿಗಾಹಿಗಳಿಗೆ ಇಂಥ ಕಟ್ಟಡ ಆಗದು. ಅವರು ಜಾಲಿ ಪೊದೆ, ಹಳ್ಳದ ಅಂಚಿನಿಂದ ಮಂದೆಯನ್ನು ಆದಷ್ಟು ಬಯಲಿಗೆ ತರುವುದು, ಮರಿಗಳನ್ನು ಮುಚ್ಚಳವಿರುವ ಪಂಜರದಲ್ಲಿ ಹಾಕುವುದು, ಸರದಿಯ ಮೇಲೆ ಎದ್ದಿರುವುದು ಉಪಯೋಗಕ್ಕೆ ಬರುತ್ತವೆ. ಆ ಬಯಲಲ್ಲಿ ತೋಳವೂ ಇದೆ. ಹಗಲಲ್ಲೇ ಮರಿ ಹೋಯಿತೆಂದರೆ ಚಿರತೆಯ ಮೇಲೆ ಹಾಕುವ ಮೊದಲು ತೋಳವನ್ನು ನೆನೆಯಬೇಕು.

ಕೊಂದದ್ದು ಯಾವುದು ಎಂದು ಕಳೇಬರವೇ ಹೇಳುತ್ತದೆ. ಗಂಟಲಿನಲ್ಲಿ ಎದುರುಬದುರು ಆಳವಾದ ಕೋರೆಯ ತೂತುಗಳು, ಎಳೆದುಕೊಂಡು ಹೋದ ಜಾಡು, ಹೊಟ್ಟೆಯ ಕಡೆಯಿಂದ ತಿಂದಿರುವುದು ಸಾಮಾನ್ಯವಾಗಿ ಚಿರತೆಯ ಗುರುತು. ಹುಲಿ ಹೆಚ್ಚಾಗಿ ಹಿಂದಿನ ತೊಡೆಯಿಂದ ಶುರು ಮಾಡುತ್ತದೆ. ಹಿಂಗಾಲು, ಕಿವಿ, ಬಾಲದ ಬಳಿ ಹತ್ತಾರು ಕಡೆ ಹರಿದು ಚಿಂದಿಯಾಗಿದ್ದರೆ ಬೀದಿನಾಯಿಗಳ ಗುಂಪು. ಹೆಜ್ಜೆಯಲ್ಲಿ ಉಗುರು ಮೂಡಿದ್ದರೆ ನಾಯಿ ಅಥವಾ ತೋಳ; ಚಿರತೆ ನಡೆಯುವಾಗ ಉಗುರು ಒಳಗಿರುತ್ತದೆ. ಅದರ ಹೆಜ್ಜೆ ಏಳರಿಂದ ಒಂಬತ್ತು ಸೆಂಟಿಮೀಟರು ಅಗಲ, ಹುಲಿಯದು ಹನ್ನೆರಡು ಮೀರುತ್ತದೆ. ಕಳೇಬರವನ್ನು ಮುಟ್ಟದೆ, ಫೋಟೊ ತೆಗೆದು, ಅರಣ್ಯ ಇಲಾಖೆಯ 1926ಕ್ಕೆ ಕರೆ ಮಾಡಬೇಕು. ಪಶುವೈದ್ಯರ ವರದಿ, ಮಹಜರು ಆದ ಮೇಲೆ ಇಲಾಖೆಯ ಆನ್‌ಲೈನ್ ಪರಿಹಾರ ವ್ಯವಸ್ಥೆಯಾದ ‘ಇ-ಪರಿಹಾರ’ದಲ್ಲಿ ಅರ್ಜಿ ದಾಖಲಾಗುತ್ತದೆ. ಮಹಜರಿಗೆ ಮೊದಲೇ ಹೂತರೆ ಪರಿಹಾರ ಕೈತಪ್ಪುತ್ತದೆ. ಸಿಟ್ಟಿನಲ್ಲಿ ಕಳೇಬರಕ್ಕೆ ಕ್ರಿಮಿನಾಶಕ ಸವರುವುದೂ ನಡೆಯುತ್ತಿದೆ. ಸಾಯುವುದು ಚಿರತೆಯೊಂದೇ ಅಲ್ಲ, ಅದರ ಮರಿ, ಊರ ನಾಯಿ, ಹದ್ದು ಎಲ್ಲವೂ. ಕಾನೂನಿನಲ್ಲಿ ಇದಕ್ಕೆ 3ರಿಂದ 7 ವರ್ಷ ಜೈಲು. ಹಂದಿಗೆಂದು ಹಾಕಿದ ಉರುಳಿಗೆ ಚಿರತೆ ಬಿದ್ದರೂ ಕೇಸು ತಪ್ಪದು.

ಕೋಳಿ ಅಂಗಡಿ ಕಸ, ರಾತ್ರಿ ಕರೆಂಟು

ಒಂದು ನೆಲದಲ್ಲಿ ಎಷ್ಟು ಚಿರತೆ ಇರಬೇಕೆಂದು ನಿರ್ಧರಿಸುವುದು ಊಟ ಎಂದೆವಲ್ಲ, ಆ ಊಟವನ್ನು ಬಡಿಸುತ್ತಿರುವವರು ನಾವೇ. ಹೆದ್ದಾರಿ ಬದಿಯ, ಹೋಬಳಿ ಕೇಂದ್ರಗಳ ಕೋಳಿ ಅಂಗಡಿಗಳ ಕಸ ರಾತ್ರೋರಾತ್ರಿ ಕೆರೆ ಏರಿಗೆ, ಊರಾಚೆಯ ಹಳ್ಳಕ್ಕೆ ಬೀಳುತ್ತದೆ. ಅದಕ್ಕೆ ನಾಯಿಗಳು, ನಾಯಿಗಳಿಗೆ ಚಿರತೆ. ಕಸ ಬೀಳುವ ಕೆರೆಯಂಗಳದಲ್ಲಿ ಜಾಲಿ ಬೆಳೆದಿದ್ದರೆ ಊಟದ ಜತೆ ವಸತಿಯೂ ಸಿಕ್ಕಿತು. ಗ್ರಾಮ ಪಂಚಾಯಿತಿ ಅಂಗಡಿ ಪರವಾನಗಿ ಕೊಡುವಾಗಲೇ ಕಸದ ಗುಂಡಿ ತೋರಿಸಿ ಎಂದು ಷರತ್ತು ಹಾಕಬಹುದು. ಕಸ ನಿಲ್ಲಿಸದೆ ನಾಯಿಗಳನ್ನಷ್ಟೇ ಬೇರೆ ಊರಿಗೆ ಸಾಗಿಸಿದರೆ ಆ ಜಾಗಕ್ಕೆ ಬೇರೆ ನಾಯಿ ಬರುತ್ತವೆ. ಬೋನಿನ ಕಥೆಯೇ ಇಲ್ಲೂ. ತೋಟದ ಮನೆಯ ಮುಂದೆ ರಾತ್ರಿಯಿಡೀ ಸರಪಳಿಯಲ್ಲಿ ಕಟ್ಟಿದ ನಾಯಿ ಕಾವಲಲ್ಲ, ಎರೆ. ಅದನ್ನು ಒಳಗೆ ಕಟ್ಟಬೇಕು.

ಮನುಷ್ಯರ ಮೇಲಿನ ದಾಳಿಗಳಲ್ಲಿ ಎದ್ದು ಕಾಣುವುದು ಹೊತ್ತು ಮತ್ತು ಭಂಗಿ. ಕತ್ತಲಾಗುವ ಹೊತ್ತು, ನಸುಕಿನ ಹೊತ್ತು. ಕುಳಿತವರು, ಬಾಗಿ ಹುಲ್ಲು ಕೊಯ್ಯುವವರು, ಚಿಕ್ಕ ಮಕ್ಕಳು. ನೆಟ್ಟಗೆ ನಿಂತ ಮನುಷ್ಯ ಚಿರತೆಯ ಕಣ್ಣಿಗೆ ಬೇಟೆಯಲ್ಲ. ಬಾಗಿದವರ, ಕುಳಿತವರ ಎತ್ತರ ಮೇಕೆಯಷ್ಟೇ. ಹೀಗಿರುವಾಗ ರೈತರನ್ನು ಕತ್ತಲಲ್ಲಿ ತೋಟಕ್ಕೆ ಅಟ್ಟುವ ತ್ರೀಫೇಸ್ ಕರೆಂಟಿನ ವೇಳಾಪಟ್ಟಿ ಚಿರತೆ ಸಮಸ್ಯೆಯ ಒಂದು ದೊಡ್ಡ ಭಾಗ. 2,050 ಮೆಗಾವಾಟಿನ ಸೌರ ಪಾರ್ಕು ಪಾವಗಡದಲ್ಲಿದೆ. ಆ ಜಿಲ್ಲೆಯ ರೈತ ರಾತ್ರಿ ಹನ್ನೆರಡಕ್ಕೆ ಬ್ಯಾಟರಿ ಹಿಡಿದು ಮೋಟಾರು ಹಾಕಲು ಹೋಗುವುದು ನ್ಯಾಯವಲ್ಲ. ಕೇಂದ್ರ ಸರ್ಕಾರದ ಕುಸುಮ್ ಯೋಜನೆಯಡಿ ಕೃಷಿ ಫೀಡರುಗಳಿಗೆ (ಪಂಪ್‌ಸೆಟ್ಟುಗಳಿಗೆ ಕರೆಂಟು ಕೊಡುವ ಲೈನುಗಳಿಗೆ) ಹಗಲು ಸೌರ ವಿದ್ಯುತ್ ಕೊಡಲು ಅವಕಾಶವಿದೆ. ದೇವರಾಯನದುರ್ಗ, ಸಿದ್ಧರಬೆಟ್ಟ, ಹುಲಿಯೂರುದುರ್ಗದ ಬುಡದ ಫೀಡರುಗಳನ್ನು ಮೊದಲ ಸಾಲಿಗೆ ತರಬೇಕೆಂದು ಬೋನಿನಷ್ಟೇ ಗಟ್ಟಿಯಾಗಿ ಕೇಳಬೇಕು. ಅಲ್ಲಿಯ ತನಕ ಮೊಬೈಲಿನಿಂದ ಓಡುವ ಸ್ಟಾರ್ಟರು, ಹೋಗಲೇಬೇಕಾದರೆ ಇಬ್ಬರು ಜತೆಯಾಗಿ, ಗಟ್ಟಿಯಾಗಿ ಮಾತಾಡುತ್ತಾ, ಮೊಬೈಲಿನಲ್ಲಿ ಹಾಡು ಹಾಕಿಕೊಂಡು ಹೋಗುವುದು. ಸದ್ದು ಕೇಳಿದರೆ ಚಿರತೆ ತಾನೇ ದಾರಿ ಬಿಡುತ್ತದೆ.

ಇನ್ನು ಗುಡ್ಡಗಳು. ಶಿರಾ ತಾಲ್ಲೂಕಿನ ಬುಕ್ಕಾಪಟ್ಟಣ ಚಿಂಕಾರ (ಒಂದು ಬಗೆಯ ಸಣ್ಣ ಹುಲ್ಲೆ) ವನ್ಯಧಾಮ 2019ರಲ್ಲಿ 136 ಚದರ ಕಿಲೋಮೀಟರು ನೆಲವನ್ನು ಕಾನೂನಿನ ಆಶ್ರಯಕ್ಕೆ ತಂದಿತು. ಅದರಾಚೆಯ ಹೆಚ್ಚಿನ ಬಂಡೆಗುಡ್ಡಗಳಿಗೆ ಅಂಥ ರಕ್ಷಣೆ ಇಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯಲ್ಲಿ ನಂದಿ, ಸ್ಕಂದಗಿರಿ ಸಾಲಿನಾಚೆಗೆ ಗುಡ್ಡ ಗುಡ್ಡವೇ ಜಲ್ಲಿಯಾಗಿ ಹೋಗುತ್ತಿವೆ. ಬಂಡೆ ಸಿಡಿದ ದಿನ ಗವಿಯಲ್ಲಿದ್ದ ತಾಯಿ ಚಿರತೆ ಮರಿಗಳನ್ನು ಕಚ್ಚಿಕೊಂಡು ತೋಟಕ್ಕೆ, ಪಾಳುಬಿದ್ದ ಮನೆಗೆ ಬರುತ್ತದೆ. ಕ್ವಾರಿ ಗುತ್ತಿಗೆಯ ಕಡತದಲ್ಲಿ ಮನೆಗಳಿಂದ ಎಷ್ಟು ದೂರ ಎಂದು ಬರೆಯುವ ಕಾಲಮ್ಮಿನ ಪಕ್ಕ, ಆ ಗುಡ್ಡದಲ್ಲಿ ಚಿರತೆ ಮರಿ ಹಾಕುವ ಗವಿ ಇದೆಯೇ ಎಂಬ ಪರಿಶೀಲನೆಯೂ ಇರಬೇಕು. ತುಮಕೂರಿನಿಂದ ಕೊರಟಗೆರೆ, ಮಧುಗಿರಿ, ಪಾವಗಡದ ಮೇಲೆ ರಾಯದುರ್ಗಕ್ಕೆ ಹೋಗುವ, ಇನ್ನೂ ನಿರ್ಮಾಣದಲ್ಲಿರುವ ರೈಲು ಮಾರ್ಗ ಇದೇ ಗುಡ್ಡಸಾಲಿನ ಜಾಡಿನಲ್ಲಿ ಸಾಗುತ್ತದೆ. ಮಳೆನೀರಿಗೆಂದು ಹೇಗೂ ಮೋರಿಗಳನ್ನು ಕಟ್ಟಲೇಬೇಕು. ಗುಡ್ಡ ಹಳಿಗೆ ಹತ್ತಿರ ಬರುವ ಕಡೆಗಳಲ್ಲಿ ಅವನ್ನು ಮನುಷ್ಯ ನಿಂತು ನಡೆಯುವಷ್ಟು ಎತ್ತರ ಮಾಡಿ, ಒಂದು ಬದಿಗೆ ನೀರು ನಿಲ್ಲದ ಒಣ ಕಟ್ಟೆ ಬಿಟ್ಟರೆ ಚಿರತೆ, ಕರಡಿ, ಹಂದಿ ಹಳಿ ಹತ್ತದೆ ಅಡಿಯಿಂದ ದಾಟುತ್ತವೆ. ಮಣ್ಣಿನ ಕೆಲಸ ನಡೆಯುವಾಗಲೇ ಮಾಡಿದರೆ ಹೆಚ್ಚುವರಿ ಖರ್ಚು ಅಲ್ಪ. ಹಳಿಯ ಮೇಲೆ ರೈಲು ಓಡತೊಡಗಿದ ಮೇಲೆ ಅದೇ ಮೋರಿಯನ್ನು ಅಗಲಿಸುವುದು ಆಗದ ಮಾತು.